ಹತ್ತು ಹೋಸುಗಳೂ ಒಂದು ಎಮ್ಮೆಯೂ

ಜೋಳದ ರೊಟ್ಟಿ ಬಡಿಯುವವರ ಉಗುರು ಬೆಳ್ಳಗಿರಬೇಕೆಂಬುದು ನಮ್ಮ ಕಡೆಯ ಅಡುಗೆಮನೆಗಳಲ್ಲಿ ಯಾರೂ ಬರೆದಿಡದ ಶಾಸ್ತ್ರ. ಕಳೆದ ತಿಂಗಳು ನನ್ನ ಹತ್ತೂ ಉಗುರುಗಳ ಸಂದಿಯಲ್ಲಿ ಕರಿ ಎಣ್ಣೆ ಸೇರಿಕೊಂಡು, ಸೀಗೆಪುಡಿಗೂ ಜಗ್ಗದೆ, ನಿಂಬೆಹೋಳಿಗೂ ಬಗ್ಗದೆ ಕೂತುಬಿಟ್ಟಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳ ಕೈಗೆ ಸೀಮೆಸುಣ್ಣದ ಪುಡಿ ಒಪ್ಪೀತು, ಗ್ರೀಸು ಒಪ್ಪುವುದಿಲ್ಲವೆಂದು ಧಾರವಾಡದ ಮಾಳಮಡ್ಡಿಯ ನೆರೆಹೊರೆಯವರ ಮುಖವೇ ಹೇಳುತ್ತಿತ್ತು. ನಿಮಗೂ ಕುತೂಹಲ ಹುಟ್ಟಿರಬಹುದು. ಹೇಳಿಬಿಡುತ್ತೇನೆ, ಹೇಳದೆ ಇರಲು ನನಗೂ ಆಗುತ್ತಿಲ್ಲ.

ನಮ್ಮ ಮನೆಯವರು, ಗುರುಪಾದಪ್ಪ, ಸೇನೆಯಲ್ಲಿ ಗಾಡಿಗಳನ್ನು ದುರಸ್ತಿ ಮಾಡುತ್ತಿದ್ದವರು. ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ಹರಾಜಿನಲ್ಲಿ ಹಳೆಯದೊಂದು ಮಿಲಿಟರಿ ರಿಕವರಿ ಗಾಡಿಯನ್ನು ಕೊಂಡು ತಂದರು. ಮಾಸಿದ ಹಸಿರು ಬಣ್ಣ, ಎದೆಯೆತ್ತರದ ಗಾಲಿಗಳು, ಬೆನ್ನ ಮೇಲೊಂದು ಕ್ರೇನು. ಹಳ್ಳಕ್ಕೆ ಉರುಳಿದ ಲಾರಿಯನ್ನೋ ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನೋ ಎತ್ತಿ ನಿಲ್ಲಿಸುವುದು ಅದರ ಕಸುಬು. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದೆ ಒಂದು ಶೆಡ್ಡು ಹಿಡಿದು ಅದನ್ನು ನಿಲ್ಲಿಸಿಕೊಂಡಿದ್ದರು. ಯಾರದೋ ಗಾಡಿ ಬಿದ್ದಿದೆಯೆಂಬ ಸುದ್ದಿ ಬಂದರೆ ಇವರು ಊಟದ ತಟ್ಟೆಯಿಂದಲೂ ಎದ್ದು ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಇವರ ಕೈ ನಡುಗತೊಡಗಿತು. ಮೊದಲು ಚಹಾದ ಬಸಿ ಸದ್ದು ಮಾಡಿತು, ಆಮೇಲೆ ಅಂಗಿಯ ಗುಂಡಿಗಳು ಮಾತು ಕೇಳದಾದವು. ವೈದ್ಯರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, ಜೀವಕ್ಕೇನೂ ಅಪಾಯವಿಲ್ಲ, ಆದರೆ ನಡುಕ ಪೂರ್ತಿ ಹೋಗುವುದೂ ಇಲ್ಲ ಎಂದರು. ಇವರು ನಟ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ಬಿಟ್ಟರು. ಗಾಡಿ ನಿಂತಲ್ಲೇ ನಿಂತಿತು; ಕ್ರೇನಿಗೆ ಎಣ್ಣೆ ಒಯ್ಯುವ ರಬ್ಬರಿನ ಹೋಸುಗಳು ಬೇಸಿಗೆಯ ಎರೆಹೊಲದಂತೆ ಬಿರಿದವು. ಒಂದು ದಿನ ಮಧ್ಯಾಹ್ನ, ಗಾಡಿಯನ್ನು ಗುಜರಿಗೆ ಹಾಕುವುದೆಂದು ತೀರ್ಮಾನಿಸಿದ್ದಾಗಿ ಇವರು ನನಗೆ ತಿಳಿಸಿದರು. ತಿಳಿಸಿದ ದನಿ ಎಷ್ಟು ಸಪಾಟಾಗಿತ್ತೆಂದರೆ ನನಗೆ ದಿಗಿಲಾಯಿತು. ಸಿಟ್ಟಾದರೂ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

“ಕೈ ನಾ ಆಗ್ತೀನ್ರಿ, ತಲಿ ನೀವಾಗ್ರಿ,” ಅಂದೆ.

ಅವರು ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಶೆಡ್ಡಿನ ಬೀಗದಕೈ ತಂದು ನನ್ನ ಅಂಗೈಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ ನಾವಿಬ್ಬರೂ ಹೊಸದಾಗಿ ಶಾಲೆಗೆ ಸೇರಿದವರ ಹಾಗಿದ್ದೆವು. ಪಾಠ ಶುರುವಾದದ್ದೇ ಕ್ರೇನಿನ ಕೆಳಗೆ. ಎಂಜಿನ್ನು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆ ಹೋಸುಗಳಲ್ಲಿ ಹರಿದು ಕ್ರೇನಿನ ತೋಳನ್ನು ಎತ್ತುತ್ತದೆ. ನಮ್ಮ ಮೈಯಲ್ಲಿ ರಕ್ತನಾಳವಿದ್ದಂತೆ, ಅಷ್ಟೇ. ನಾನು ಜೀವಮಾನವಿಡೀ ಕಲಿಸಿದ ಸಂಧಿಪ್ರಕರಣ ಇಲ್ಲಿ ಕಬ್ಬಿಣದಲ್ಲಿ ಎದ್ದು ನಿಂತಿತ್ತು. ಎಣ್ಣೆ ಸೋರಿ ಖಾಲಿಯಾದ ಕೂಡು ಲೋಪಸಂಧಿ, ಹಳೆಯದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ತರುವುದು ಆದೇಶಸಂಧಿ. ಇವರಿಗೆ ಹಾಗೆಂದಾಗ, ಆಗಮ ಯಾವಾಗಲೆಂದು ಕೇಳಿ ನಕ್ಕರು. ಅವರು ನಕ್ಕು ತಿಂಗಳುಗಳಾಗಿದ್ದವು.

ಬಿಚ್ಚುವ ಮೊದಲು ತೋಳನ್ನು ಪೂರ್ತಿ ಇಳಿದ ಸ್ಥಿತಿಯಲ್ಲಿ ಆನಿಸಿ, ಹಿಡಿಕೆಗಳನ್ನು ಹಿಂದೆಮುಂದೆ ಆಡಿಸಿ ಒಳಗೆ ಉಳಿದ ಒತ್ತಡವನ್ನು ಬಿಡಿಸಬೇಕು. ಯಾವ ಹೋಸು ಎಲ್ಲಿಯದೆಂಬ ಗುರುತೂ ಬೇಕು. ಬದಲಿಸಬೇಕಾದವು ಹತ್ತಿದ್ದವು. ನಾನು ಹಳೆಯ ಧೋತರದ ಅಂಚು ಹರಿದು, ಅ ಆ ಇ ಈ ಉ ಊ ಋ ಎ ಏ ಐ ಎಂದು ಬರೆದು ಒಂದೊಂದಕ್ಕೂ ಕಟ್ಟಿದೆ. ಸೇನೆಯಲ್ಲಿ ಅಂಕಿ ಬರೆಯುತ್ತಿದ್ದರಂತೆ. ಇಲ್ಲಿ ಮೇಸ್ತ್ರಿ ನಾನಾದ್ದರಿಂದ ಸ್ವರಾಕ್ಷರಗಳೇ ನಡೆದವು.

ಬಿಚ್ಚಿದ ಹೋಸುಗಳನ್ನು ಚೀಲದಲ್ಲಿ ಹೊತ್ತು ಅದೇ ರಸ್ತೆಯ ದಸ್ತಗೀರ್ ಅವರ ಅಂಗಡಿಗೆ ಹೋಗುತ್ತಿದ್ದೆ. ಹಿಂದೆ ಲಾರಿ ಓಡಿಸುತ್ತಿದ್ದ ದಸ್ತಗೀರ್ ಈಗ ಹೋಸುಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಲೋಹದ ಟೋಪಿ ತೊಡಿಸಿ, ಯಂತ್ರದಲ್ಲಿ ಒತ್ತಿ ಕೊಡುತ್ತಾರೆ. ಉತ್ತರ ಕರ್ನಾಟಕದವರೆಲ್ಲ ಶಿಕ್ಷಕಿಯನ್ನು ಕರೆಯುವಂತೆ ಅವರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ನಮ್ಮ ಗಾಡಿಯ ಕೂಡುಗಳ ತಿರುಪಿನ ಗೆರೆಗಳು ಯಾವ ಕಾಲದವೋ, ಅವರ ಡಬ್ಬಿಗಳಲ್ಲಿದ್ದ ಯಾವ ತುದಿಗೂ ಹೊಂದಲಿಲ್ಲ. ಅವರು ಬೇಸರಿಸದೆ ಲೇತಿನಲ್ಲಿ ಹೊಸ ತುದಿಗಳನ್ನೇ ಕೊರೆಸಿ ತಂದರು. ಜೋಡಿಸುವಾಗ ಹೋಸಿನ ಮೈಮೇಲೆ ಅಚ್ಚಾದ ಬರಹದ ಸಾಲು ನೆಟ್ಟಗಿರಬೇಕು, ಸಾಲು ಸುತ್ತಿಕೊಂಡರೆ ಹೋಸು ತಿರುಚಿಕೊಂಡಿದೆ ಎಂದರ್ಥ ಅಂತಲೂ ಕಲಿಸಿದರು. ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳುವುದು ನನಗೆ ಹೊಸದಲ್ಲ.

ಐದನೆಯ ದಿನಕ್ಕೆ ಒಂಬತ್ತು ಸ್ವರಗಳು ಕೂತಿದ್ದವು. ಉಳಿದದ್ದು ಋ. ವರ್ಷವರ್ಷವೂ ಮಕ್ಕಳನ್ನು ಎಡವಿಸಿದ ಅಕ್ಷರ ನನ್ನನ್ನೂ ಬಿಡಲಿಲ್ಲ. ಕ್ರೇನಿನ ಬುಡದ ಇಕ್ಕಟ್ಟಿನಲ್ಲಿದ್ದ ಅದರ ಹಳೆಯ ನಟ್ಟು ತುಕ್ಕು ಹಿಡಿದು ಕಬ್ಬಿಣದೊಂದಿಗೆ ಒಂದಾಗಿತ್ತು. ಹಿಂದಿನ ದಿನವೇ ಡೀಸೆಲ್ ಹನಿಸಿ ನೆನೆಸಿಟ್ಟಿದ್ದರೂ ಅಲುಗಲಿಲ್ಲ. ಅದರೊಡನೆ ಗುದ್ದಾಡುತ್ತಿದ್ದಾಗಲೇ ಇವರಿಗೊಂದು ಫೋನು ಬಂತು.

ಧಾರವಾಡದಾಚೆಯ ಗರಗದಿಂದ ಮಲ್ಲವ್ವ ಮಾತಾಡುತ್ತಿದ್ದಳು. ಹಿಂದೊಮ್ಮೆ ಆಕೆಯ ಟ್ರ್ಯಾಕ್ಟರನ್ನು ಇವರು ಹಳ್ಳದಿಂದ ಎತ್ತಿಕೊಟ್ಟಿದ್ದರು. ಈಗ ಆಕೆಯ ಎಮ್ಮೆ, ತುಂಬಿದ ಗಬ್ಬದ್ದು, ನಸುಕಿನಲ್ಲಿ ಹೊಲದ ಹಾಳುಬಾವಿಗೆ ಬಿದ್ದಿತ್ತು. ಎದೆಮಟ್ಟದ ನೀರು, ಕೆಳಗೆ ಕೆಸರು. ಕರೆಸಬಹುದಾಗಿದ್ದ ಕ್ರೇನು ದೂರದ ಕೆಲಸಕ್ಕೆ ಹೋಗಿತ್ತು. ಪಶುವೈದ್ಯರು ಬಂದಿದ್ದರು; ಸಂಜೆಯ ತನಕ ಅದು ನಿಂತುಕೊಂಡಿರುವುದು ಕಷ್ಟ, ಕಾಲು ಸೋತು ಮಲಗಿದರೆ ಮುಳುಗುತ್ತದೆ ಎಂದಿದ್ದರು.

ಇವರು ಫೋನಿಟ್ಟು ನನ್ನತ್ತ ತಿರುಗಿದರು. ಆ ಕಣ್ಣುಗಳನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ.

“ಕೈಲೆ ಆಗಂಗಿಲ್ಲ ಅದು. ಮೈ ಹಾಕು.”

ಪಾನಾದ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ನಾನು ಅದರ ತುದಿಯ ಮೇಲೆ ನನ್ನ ಅರವತ್ತೊಂದು ವರ್ಷದ ಭಾರವನ್ನೆಲ್ಲ ಹೇರಿದೆ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಕಟ್ ಎಂದು ಸದ್ದಾಯಿತು, ನಟ್ಟು ಸಡಿಲಾಯಿತು, ನಾನು ಕೆಳಗೆ ಕೂತಿದ್ದೆ. ಎಂದೂ ಪಾಸಾಗದವನೊಬ್ಬ ಮೊದಲ ದರ್ಜೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹಳೆಯದನ್ನು ಹಿಡಿದು ದಸ್ತಗೀರ್ ಅವರ ಅಂಗಡಿಗೆ ಹೆಚ್ಚೂಕಡಿಮೆ ಓಡಿದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಸು ಒತ್ತಿದರು, ಒಳಗೆ ಗಾಳಿ ಊದಿ ಚೊಕ್ಕ ಮಾಡಿದರು, ಮತ್ತು ಗಾಡಿ ಯಾರು ಓಡಿಸುತ್ತಾರೆಂದು ಕೇಳಿದರು. ಆ ಒಂದು ಸಂಗತಿಯನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಅವರು ಅಂಗಡಿಗೆ ಬೀಗ ಹಾಕಿ ನನ್ನ ಜತೆ ನಡೆದರು.

ಎಣ್ಣೆ ತುಂಬಿ ಎಂಜಿನ್ನು ಚಾಲೂ ಮಾಡಿದಾಗ ಇವರು ನನ್ನನ್ನು ಹಿಡಿಕೆಗಳ ಮುಂದೆ ನಿಲ್ಲಿಸಿದರು. ಎತ್ತು, ಇಳಿಸು, ಚಾಚು, ತಿರುಗಿಸು. ಒಳಗಿನ ಗಾಳಿ ಹೊರಟುಹೋಗುವ ತನಕ ತೋಳು ಚಳಿ ಹಿಡಿದವರಂತೆ ನಡುಗಿತು. ಆಮೇಲೆ ಒಂದು ಸಲ, ಯಾವ ಸದ್ದೂ ಇಲ್ಲದೆ, ಬೆಣ್ಣೆಯಲ್ಲಿ ಜಾರಿದಂತೆ ಮೇಲೇರಿತು. ಸೋರಿಕೆ ನೋಡಲು ನಾನು ಕೈ ಚಾಚಿದೆ, ಇವರು ಗದರಿದರು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಹೋಗುತ್ತದಂತೆ. ಸೇನೆಯಲ್ಲಿ ಇವರ ಜತೆಗಾರನೊಬ್ಬ ಬೆರಳು ಕಳೆದುಕೊಂಡಿದ್ದ. ರಟ್ಟಿನ ತುಂಡೊಂದನ್ನು ಹೋಸುಗಳುದ್ದಕ್ಕೂ ದೂರದಿಂದ ಆಡಿಸಿದೆ. ರಟ್ಟು ಒಣಗಿಯೇ ಇತ್ತು.

ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು, ಧಾರವಾಡ ದಾಟಿ ಗರಗ ಮುಟ್ಟುವಾಗ ಮೂರು ಗಂಟೆಯಾಗಿತ್ತು. ಬಾವಿಯ ಸುತ್ತ ಜನ. ಎಮ್ಮೆಯ ಮೂಗು, ಕೊಂಬು, ಬೆನ್ನಿನ ಒಂದು ಗೆರೆ ಮಾತ್ರ ನೀರ ಮೇಲಿದ್ದವು. ಮಲ್ಲವ್ವ ದಂಡೆಯ ಮೇಲೆ ಕೂತು ಅದರ ಜೊತೆ ಒಂದೇ ಸಮನೆ ಮಾತಾಡುತ್ತಿದ್ದಳು, ದನಿ ನಿಂತರೆ ಅದು ಮಲಗಿಬಿಡುತ್ತದೆಂಬ ಭಯಕ್ಕೆ.

ಮಲ್ಲವ್ವನ ಗಂಡ ಈರಪ್ಪ ಏಣಿಯಿಟ್ಟು ಇಳಿದ. ವೈದ್ಯರು ಹೇಳಿದಂತೆ, ಗಬ್ಬದ ಹೊಟ್ಟೆಗೆ ಒತ್ತು ಬೀಳದ ಹಾಗೆ, ಮುಂಗಾಲ ಹಿಂದೊಂದು, ಹಿಂಗಾಲ ಮುಂದೊಂದು ಅಗಲವಾದ ಪಟ್ಟಿ ಹಾಯಿಸಿದ. ಆ ಪಟ್ಟಿಗಳು ಮೈಯನ್ನು ಅಮುಕದಂತೆ ಮೇಲೊಂದು ಕಬ್ಬಿಣದ ಅಡ್ಡಪಟ್ಟಿ ಕಟ್ಟಿಸಿದ್ದು ನಮ್ಮವರ ತಲೆ. ಈಗ ಹಿಡಿಕೆಯ ಹತ್ತಿರ ಯಾರು? ಅಲ್ಲಿಂದ ಬಾವಿಯ ಒಳಗು ಕಾಣುವುದಿಲ್ಲ. ದಂಡೆಯ ಮೇಲೆ ನಿಂತು ಸನ್ನೆ ಮಾಡಲು ಬಲ್ಲವರೊಬ್ಬರು ಬೇಕೇಬೇಕು. ದಸ್ತಗೀರ್ ನನ್ನನ್ನು ನೋಡಿದರು. ಇವರೂ ನೋಡಿದರು; ಹೊರಡುವ ಮೊದಲು ಆ ಹಿಡಿಕೆಗಳನ್ನು ಆಡಿಸಿ ನೋಡಿದ್ದವಳು ನಾನೇ.

“ನೀನ ಹಿಡಿ,” ಅಂದರು. “ನನ್ನ ಕೈ ಬಿಟ್ಟು ಬ್ಯಾರೆ ಏನೂ ನೋಡಬ್ಯಾಡ.”

ನೋಡಲಿಲ್ಲ. ದಂಡೆಯ ಮೇಲೆ ಅವರ ಬೆರಳುಗಳು ಮೇಲೆ, ಮೇಲೆ ಎಂದವು. ಅವು ನಡುಗುತ್ತಿದ್ದವು, ನಿಜ. ಆದರೆ ನಿಲ್ಲಿಸು ಎಂದು ಮುಷ್ಟಿ ಬಿಗಿದಾಗ ಆ ಮುಷ್ಟಿ ನಡುಗುತ್ತಿರಲಿಲ್ಲ. ಕ್ರೇನಿನ ಉಕ್ಕಿನ ಹಗ್ಗ ಬಿಗಿಯಾಯಿತು. ಗಾಡಿ ಒಮ್ಮೆ ಮುಕ್ಕರಿಸಿ ಗಾಲಿಗಳ ಮೇಲೆ ಕುಸಿದಂತಾಯಿತು. ಮುಷ್ಟಿ. ನಾನು ನಿಲ್ಲಿಸಿದೆ. ಕೆಸರು ಕಾಲು ಬಿಡುತ್ತಿಲ್ಲವೆಂದು ಈರಪ್ಪ ಕೆಳಗಿನಿಂದ ಕೂಗಿದ. ಮತ್ತೆ ಬೆರಳು, ಕೂದಲೆಳೆಯಷ್ಟು. ಹಿಡಿಕೆಯನ್ನು ನಾನು ಅಷ್ಟೇ ಸರಿಸಿದೆ. ಅಂಗೈಯಡಿಯಲ್ಲಿ ಎಣ್ಣೆ ಭಾರ ಹೊತ್ತು ಏಳುವುದು ತಿಳಿಯುತ್ತಿತ್ತು. ಬಾವಿಯೊಳಗೆ ದೊಡ್ಡದೊಂದು ಮುತ್ತಿಟ್ಟಂಥ ಸದ್ದಾಗಿ ಕೆಸರು ಬಿಟ್ಟಿತು. ದಂಡೆಯಂಚಿನಲ್ಲಿ ಮೊದಲು ಕೊಂಬು ಕಂಡವು, ಆಮೇಲೆ ತೀರ ಗಂಭೀರವಾದ ಒಂದು ಮುಖ, ನೀರು ಸುರಿಸುತ್ತ ನಾಲ್ಕೂ ಕಾಲು. ಆಕಾಶದಲ್ಲಿ ತೂಗುವ ಎಮ್ಮೆಯನ್ನು ನೀವು ನೋಡಿಲ್ಲದಿದ್ದರೆ ನಾನು ವರ್ಣಿಸಲಾರೆ.

ತೋಳು ತಿರುಗಿಸಿ, ಹುಲ್ಲಿನ ಮೇಲೆ, ಮೊಟ್ಟೆಯನ್ನು ಇಡುವಂತೆ ಇಳಿಸಿದೆ. ಅದು ಮೊಣಕಾಲೂರಿ ಕುಸಿಯಿತು. ವೈದ್ಯರು ಹೊಟ್ಟೆಗೆ ಕಿವಿಯಿಟ್ಟು, ಕೈಯಾಡಿಸಿ, ಕರು ಮಿಸುಕುತ್ತಿದೆ ಎಂದರು. ಮಲ್ಲವ್ವ ಅದರ ಬಾಯಿಗೆ ಒಂದು ಹಿಡಿ ಹಸಿಮೇವು ಹಿಡಿದಳು. ಸ್ವಲ್ಪ ಹೊತ್ತು ಯೋಚಿಸಿ, ಎಮ್ಮೆ ಅಗಿಯಿತು. ಆಗ ಎದ್ದ ಸದ್ದಿಗೆ ಹೊಲದ ಕಾಗೆಗಳೆಲ್ಲ ಹಾರಿಹೋದವು.

ಮರಳಿ ಬರುವಾಗ ದಸ್ತಗೀರ್ ಒಂದು ಮಾತು ಹೇಳಿದರು. ಅಂಗಡಿಗೆ ಬೀಗ ಹಾಕಿ ದಿನಾ ಬರಲು ತಮಗಾಗದು, ಗಾಡಿಗೆ ತನ್ನದೇ ಚಾಲಕ ಬೇಕು. ಅದು ನಿಜವೇ. ಹಾಗಾಗಿ ಈಗ ದಿನಾ ಬೆಳಿಗ್ಗೆ ನಾನು ಕಾರು ಕಲಿಯಲು ಹೋಗುತ್ತಿದ್ದೇನೆ. ಸಹಪಾಠಿಗಳೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಸಣ್ಣ ಗಾಡಿಯ ಪರವಾನಗಿ ಬಂದು ಒಂದು ವರ್ಷ ಕಳೆದ ಮೇಲೆ ದೊಡ್ಡದಕ್ಕೆ ಅರ್ಜಿ ಹಾಕಬಹುದಂತೆ. ಮೊನ್ನೆ ಕಲಿಕೆಯ ಪರವಾನಗಿ ಕೈಗೆ ಬಂದಾಗ ಇವರಿಗೆ ತೋರಿಸಿ, ಇನ್ನೂ ವರ್ಷಕ್ಕೂ ಹೆಚ್ಚು ಬೇಕು, ಅಲ್ಲಿಯ ತನಕ ಗಾಡಿ ಇರಬೇಕಲ್ಲ ಎಂದೆ.

ಇವರು ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಅದರಲ್ಲಿದ್ದ ನನ್ನ ಹೆಸರನ್ನು ಒಂದೊಂದೇ ಅಕ್ಷರ ಓದಿದರು.

“ಇರ್ತೈತಿ,” ಅಂದರು. “ನಾನೂ ಇರ್ತೀನಿ.”