ಸಾರಿನ ಪುಡಿಯ ಹಿಂಬದಿಯ ಏಳು ಹುಡುಗರು

ನಮ್ಮ ಮನೆಯ ಅಡುಗೆಯ ಅಳತೆಗಳೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿವೆ. ಅಂಗೈಗಿಂತ ತುಸು ದೊಡ್ಡದಾದ ದಪ್ಪ ಕಾಗದದ ಕಾರ್ಡುಗಳು. ಸಾರಿನ ಪುಡಿಗೆ ಧನಿಯಾ ಎಷ್ಟು, ಮೆಂತ್ಯ ಎಷ್ಟು, ಇಲ್ಲಿಯ ಗ್ರೋಸರಿ ಅಂಗಡಿಯ ಒಣಮೆಣಸಿನಕಾಯಿಯಲ್ಲಿ ಖಾರವಿದ್ದೂ ಬಣ್ಣವಿಲ್ಲದಿದ್ದರೆ ಏನು ಮಾಡಬೇಕು, ಆರಿಸಿದ ಮೇಲೂ ಕಾದೇ ಇರುವ ಈ ವಿದ್ಯುತ್ ಒಲೆಯ ಮೇಲೆ ಕೊಬ್ಬರಿಯನ್ನು ಯಾವ ಗಳಿಗೆಯಲ್ಲಿ ಹಾಕಬೇಕು, ಇಂಥವೆಲ್ಲ ನನ್ನ ಗುಂಡು ಅಕ್ಷರದಲ್ಲಿ ಅವುಗಳ ಮೇಲಿವೆ. ಊರಿನಿಂದ ಹೊಸದಾಗಿ ಬಂದ ಹೆಣ್ಣುಮಕ್ಕಳು ಬರೆದುಕೊಳ್ಳಲು ಕೂತಾಗ, ಅಕಸ್ಮಾತ್ತಾಗಿ ಕಾರ್ಡನ್ನು ತಿರುಗಿಸಿದವರು ಮಾತ್ರ ತಬ್ಬಿಬ್ಬಾಗುತ್ತಾರೆ. ಹಿಂಬದಿಯಲ್ಲಿ ಟೈಪು ಮಾಡಿದ ಅಕ್ಷರ: ಎತ್ತರ ಆರಡಿ ಮೂರಿಂಚು, ತೂಕ ಇನ್ನೂರ ಇಪ್ಪತ್ತು ಪೌಂಡು, ಎಡ ಮಂಡಿ ಹಿಂದೊಮ್ಮೆ ಉಳುಕಿದೆ, ತಾಯಿ ಹೇಳಿದ ಮೊದಲನೆಯ ಸಲಕ್ಕೇ ಎದ್ದು ಕಸದ ಚೀಲ ಹೊರಗಿಟ್ಟ.

ಗಾಬರಿಯಾಗಬೇಡಿ, ವಿವರಿಸುತ್ತೇನೆ. ಓಕ್ಲ್ಯಾಂಡಿನ ಹಿಂದಿನ ಗುಡ್ಡದ ಮೇಲಿರುವ ಒಂದು ಕಾಲೇಜಿನ ಫುಟ್‌ಬಾಲ್ ಆಫೀಸಿನಲ್ಲಿ ನಾನು ಟೈಪಿಸ್ಟು. ಮೈಸೂರಿನಲ್ಲಿ ಹುಟ್ಟಿ, ಆಟದ ಪೀರಿಯಡ್ಡಿನಲ್ಲಿ ನೆರಳು ಹುಡುಕಿ ಕೂತವಳಿಗೆ ಈ ಕೆಲಸ ಹೇಗೆ ಸಿಕ್ಕಿತೆಂದರೆ, ಅದು ಡೇಲ್ ಎಂಬ ಕೋಚ್ ಒಬ್ಬರ ಕೃಪೆ. ನನ್ನ ಇಂಗ್ಲಿಷು ಫೋನಿನಲ್ಲಿ ಜನಕ್ಕೆ ಅರ್ಥವಾಗುವುದಿಲ್ಲವೆಂದು ಎರಡು ಆಫೀಸಿನವರು ಕಳಿಸಿಬಿಟ್ಟಿದ್ದರು. ಡೇಲ್ ಮಾತ್ರ, “ಮಿಸೆಸ್ ಕೆ, ನಮ್ಮ ಹುಡುಗರ ಇಂಗ್ಲಿಷು ನನಗೇ ಅರ್ಥ ಆಗಲ್ಲ. ನೀವು ನಿಧಾನವಾಗಿಯಾದರೂ ಮಾತಾಡ್ತೀರಿ,” ಎಂದು ಕುರ್ಚಿ ತೋರಿಸಿದರು. ಕುಲಕರ್ಣಿ ಎನ್ನುವಷ್ಟು ಪುರುಸೊತ್ತು ಆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ.

ಹೆಸರು ಫುಟ್‌ಬಾಲಾದರೂ ಇಲ್ಲಿ ಚೆಂಡನ್ನು ಕಾಲಿನಿಂದ ಒದೆಯುವುದು ಅಪರೂಪ; ಕಂಕುಳಲ್ಲಿ ಇಟ್ಟುಕೊಂಡು ಓಡುವವನೊಬ್ಬ, ಅವನನ್ನು ಕೆಡವಲು ಬರುವವರು ಹಲವರು. ಹೈಸ್ಕೂಲು ಮುಗಿಸುವ ಹುಡುಗರಲ್ಲಿ ಯಾರನ್ನು ಕಾಲೇಜಿಗೆ ಕರೆತರಬೇಕೆಂದು ಊರೂರು ಸುತ್ತಿ ಆರಿಸುವುದು ಡೇಲ್ ಅವರ ಕೆಲಸ. ಅದು ಥೇಟು ನಮ್ಮ ಹೆಣ್ಣು ನೋಡುವ ಶಾಸ್ತ್ರ, ಆದರೆ ಗಂಡು ಮುಖ ತಗ್ಗಿಸಿ ಕೂತಿರುತ್ತದೆ. ಕೋಚು ಹುಡುಗನ ಮನೆಗೆ ಹೋಗಿ, ತಾಯಿ ಮಾಡಿದ ಪೈ ಎಂಬ ಹಣ್ಣಿನ ಹೂರಣದ ಸಿಹಿ ತಿಂದು ಹೊಗಳಿ, ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡಿ, ಕೊನೆಗೆ ಮಾತೆತ್ತುತ್ತಾರೆ. ಫೆಬ್ರವರಿಯಲ್ಲಿ ಒಂದು ದಿನ ಹುಡುಗರು ಕಾಗದಕ್ಕೆ ಸಹಿ ಹಾಕಿದರೆ ನಿಶ್ಚಿತಾರ್ಥವಾದ ಹಾಗೆ. ಮರುದಿನವೇ ಪತ್ರಿಕೆಗಳು ಯಾವ ಕಾಲೇಜಿನ ತಂಡ ಮೊದಲು, ಯಾವುದು ಕೊನೆ ಎಂದು ಪಟ್ಟಿ ಹಾಕುತ್ತವೆ. ಹಸೆಮಣೆಯ ಮೇಲೆ ಕೂತವರಿಗೆ ಸಂಸಾರದ ಅಂಕ ಕೊಟ್ಟಂತೆ. ನಾನು ಕೆಲಸಕ್ಕೆ ಸೇರಿದ ಮೊದಲ ಫೆಬ್ರವರಿಯಲ್ಲಿ ಡೇಲ್ ತಂದ ಇಪ್ಪತ್ತೆರಡು ಹುಡುಗರಿಗೆ ಸುತ್ತಮುತ್ತಲ ಕಾಲೇಜುಗಳ ಪೈಕಿ ಕಟ್ಟಕಡೆಯ ಸ್ಥಾನ ಸಿಕ್ಕಿತ್ತು. ಡೇಲ್ ಪತ್ರಿಕೆ ಮಡಚಿ, “ಐದು ವರ್ಷ ಆಗಲಿ, ಆಮೇಲೆ ಹೇಳಲಿ,” ಎಂದಷ್ಟೇ ಅಂದರು.

ಪ್ರತಿ ಹುಡುಗನಿಗೂ ಒಂದು ಕಾರ್ಡು, ಅದರಲ್ಲಿ ಅವನ ಎತ್ತರ ತೂಕದ ಜೊತೆಗೆ ಡೇಲ್ ಅವನ ಮನೆಯಲ್ಲಿ ಕಂಡದ್ದೆಲ್ಲ. ಟೈಪು ಮಾಡಿ ಡ್ರಾಯರಿನಲ್ಲಿ ಜೋಡಿಸುವುದು ನನ್ನ ಪಾಲಿನದು. ಯಾವನಾದರೂ ಕಾಲು ಮುರಿದುಕೊಂಡೋ, ಪರೀಕ್ಷೆಯಲ್ಲಿ ನಪಾಸಾಗಿಯೋ, ಮನೆಯ ಹಂಬಲ ತಾಳಲಾರದೆಯೋ ಬಿಟ್ಟುಹೋದರೆ ಅವನ ಕಾರ್ಡನ್ನು ತೆಗೆದು ಕಸದ ಬುಟ್ಟಿಗೆ ಹಾಕುವುದು ಆಫೀಸಿನ ಪದ್ಧತಿ. ತೆಗೆದೆನೇ ಹೊರತು ಬುಟ್ಟಿಗೆ ಹಾಕಲಿಲ್ಲ. ಒಂದು ಬದಿ ಖಾಲಿಯಿರುವ ಕಾಗದವನ್ನು ಎಸೆಯುವ ವಿದ್ಯೆಯನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಹಾಗೆ ಮನೆಗೆ ಬಂದವೇ ಈ ಕಾರ್ಡುಗಳು.

ಐದನೆಯ ವರ್ಷದ ವಸಂತದಲ್ಲಿ ಕ್ರೀಡಾ ವಿಭಾಗಕ್ಕೆ ಹೊಸ ಡೈರೆಕ್ಟರು ಬಂದರು. ಡೇಲ್ ಅವರ ಒಪ್ಪಂದ ಮುಗಿಯುತ್ತಲಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು, ಪತ್ರಿಕೆಗಳು ಕೊನೆಯ ಸ್ಥಾನ ಕೊಟ್ಟಿದ್ದ ಆ ತಂಡದ ಹುಡುಗರು ಏನಾದರು ಎಂಬ ವರದಿಯನ್ನು ಡೈರೆಕ್ಟರು ಕೇಳಿದರು. ಡೇಲ್ ಡ್ರಾಯರು ತೆರೆದು ನೋಡಿದರೆ ಹದಿನೈದು ಕಾರ್ಡು. ಹದಿನೈದರಲ್ಲಿ ಹನ್ನೊಂದು ಜನ ಮುಖ್ಯ ಆಟಗಾರರಾಗಿದ್ದರು, ಹದಿಮೂರು ಜನ ಪದವಿ ಪಡೆದಿದ್ದರು. ಡೇಲ್ ಅವರ ಮುಖ ಅರಳಿತು. “ನೋಡಿದಿರಾ ಮಿಸೆಸ್ ಕೆ, ಕೊನೆಯ ಸ್ಥಾನವಂತೆ!” ಎಂದು ಮೇಜು ಗುದ್ದಿದರು. ನಾನೂ ನಕ್ಕು, ವರದಿಯನ್ನು ಚೊಕ್ಕವಾಗಿ ಟೈಪು ಮಾಡಿಟ್ಟು ಮನೆಗೆ ಬಂದೆ.

ನಮ್ಮವರು ಧಾರವಾಡದ ಕಡೆಯವರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಇಲಿಗಳಿಗೆ ಔಷಧಿ ಕೊಟ್ಟು ನೋಡುವ ಕೆಲಸ. ಸಂಜೆ ಸೇತುವೆ ದಾಟಿ ಬಂದು ಊಟಕ್ಕೆ ಕೂತಾಗ ಈ ಸಂತೋಷದ ಸುದ್ದಿ ಹೇಳಿದೆ. ಅವರು ತುತ್ತು ಕಲಸುತ್ತಲೇ ಕೇಳಿದರು.

“ಬಂದವ್ರು ಎಷ್ಟ್ ಮಂದಿ?”

“ಇಪ್ಪತ್ತೆರಡು.”

“ಉಳಿದ ಏಳು ಮಂದಿ ಎಲ್ಲಿಗ್ ಹೋದ್ರು?”

“ಅವರು ಬಿಟ್ಟುಹೋದರಲ್ಲಾ, ಅವರ ಕಾರ್ಡು ಇಲ್ಲ.”

“ಭಾರೀ ಆತ ಬಿಡು! ಸತ್ತ ಇಲಿ ಲೆಕ್ಕಕ್ಕ ಹಿಡೀಲಿಲ್ಲಂದ್ರ ನಮ್ಮ ಲ್ಯಾಬಿನ್ಯಾಗ ಎಲ್ಲಾ ಔಷಧನೂ ಅಮೃತನ.”

“ನಿಮ್ಮ ಇಲಿಗೂ ನಮ್ಮ ಹುಡುಗರಿಗೂ ಏನ್ರೀ ಹೋಲಿಕೆ?”

“ಇಲಿಗೆ ಅವ್ವ ಇರಂಗಿಲ್ಲ ಫೋನ್ ಮಾಡ್ಲಿಕ್ಕೆ. ಅಷ್ಟ ಫರಕು,” ಎಂದವರೇ ಸಾರು ಹಾಕೆಂದರು.

ಸಾರು ಬಡಿಸಿದ ಮೇಲೆ ನನ್ನ ಕಣ್ಣು ಡಬ್ಬಿಯ ಕಡೆ ಹೋಯಿತು. ತೆಗೆದು ತಿರುವಿದೆ. ಆ ವರ್ಷದ ಏಳೂ ಅದರಲ್ಲಿದ್ದವು. ನಾನು ಟೈಪು ಮಾಡಿದ ಹೆಸರುಗಳೇ, ಆದರೆ ಇಷ್ಟು ದಿನ ಹಿಂಬದಿಯನ್ನು ಓದಿರಲೇ ಇಲ್ಲ.

ನೀವು ಗಮನಿಸಿರಬಹುದು, ಇಲ್ಲಿಯ ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಇಲ್ಲಿಗೆ ಬಂದ ಕನ್ನಡದವರೆಲ್ಲ ಚೆನ್ನಾಗಿದ್ದಾರಪ್ಪ, ಒಬ್ಬರೂ ಕೆಟ್ಟಿಲ್ಲ. ನಿಜ, ಆ ಹಜಾರದಲ್ಲಿ ಕೆಟ್ಟವರು ಯಾರೂ ಕಾಣುವುದಿಲ್ಲ. ನಮ್ಮ ಜೊತೆಗೇ ಬಂದು ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಹುಬ್ಬಳ್ಳಿಯ ದಂಪತಿಗಳು, ಕೆಲಸ ನಿಲ್ಲದೆ, ಆಕೆಗೆ ಈ ಊರಿನ ಮಂಜು ಹಿಡಿಸದೆ, ಎರಡೇ ವರ್ಷಕ್ಕೆ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಹೋದರು. ವಾಪಸು ಹೋದವರು ಪಾಟ್‌ಲಕ್ಕಿಗೆ ಕೋಸಂಬರಿ ಹಿಡಿದುಕೊಂಡು ಬರುವುದಿಲ್ಲ. ಹಾಗಾಗಿ ನಾವೆಲ್ಲ ನೂರಕ್ಕೆ ನೂರು ಪಾಸು. ಯಾರನ್ನು ಎಣಿಸಿದೆವು ಎಂಬುದಕ್ಕಿಂತ ಯಾರನ್ನು ಎಣಿಸದೆ ಬಿಟ್ಟೆವು ಎಂಬುದರಲ್ಲೇ ನಮ್ಮ ಬಹುಪಾಲು ಯಶಸ್ಸು ಅಡಗಿದೆಯೇನೋ ಎಂದು ಆಮೇಲಾಮೇಲೆ ನನಗೆ ಅನ್ನಿಸತೊಡಗಿತು.

ಆದರೆ ಆ ಸಂಜೆ ನನಗಿದ್ದ ಚಿಂತೆ ಅಷ್ಟು ದೊಡ್ಡದಲ್ಲ. ಏಳು ಕಾರ್ಡು ಸೇರಿಸಿದರೆ ಡೇಲ್ ಅವರ ತಂಡ ಸಾಮಾನ್ಯದ್ದಾಗುತ್ತದೆ. ಸೇರಿಸದಿದ್ದರೆ ಅವರ ಕೆಲಸ ಉಳಿಯುತ್ತದೆ. ನನಗೆ ಕುರ್ಚಿ ತೋರಿಸಿದವರ ಕುರ್ಚಿಯನ್ನು ನಾನೇ ಎಳೆಯುವುದೇ? ಎಳೆಯದಿದ್ದರೆ, ಆ ವರ್ಷದ ಎಲ್ಲ ಹುಡುಗರ ವರದಿ ಎಂಬ ತಲೆಬರಹದ ಕೆಳಗೆ ಹದಿನೈದು ಹೆಸರು ಟೈಪು ಮಾಡಿದ ಬೆರಳುಗಳು ನನ್ನವೇ ಅಲ್ಲವೇ? ಬೆಳಿಗ್ಗೆ ಏಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋದೆ. ಡೈರೆಕ್ಟರಿಗಲ್ಲ, ಡೇಲ್ ಅವರಿಗೆ ಕೊಟ್ಟೆ. ಬೇರೆ ಯಾರಿಗೂ ತೋರಿಸಿಲ್ಲ, ಬೇಡವೆಂದರೆ ಮನೆಗೆ ಒಯ್ಯುತ್ತೇನೆ ಎಂದೆ.

ಅವರು ಅರಿಸಿನದ ಕಲೆಯಾದ ಕಾರ್ಡೊಂದನ್ನು ತಿರುಗಿಸಿ, “ಇದೇನು ಬರೆದಿರೋದು?” ಎಂದರು.

“ಸಾರಿನ ಪುಡಿ.”

“ಚೆನ್ನಾಗಿರತ್ತಾ?”

“ಅಳತೆ ತಪ್ಪದಿದ್ದರೆ.”

ಅವರು ನಗಲಿಲ್ಲ. ಮತ್ತೆ ಹುಡುಗನ ಬದಿಗೆ ತಿರುಗಿಸಿ ಕಡೆಯ ಸಾಲಿನವರೆಗೂ ಓದಿದರು. “ಇವನ ಅಮ್ಮನಿಗೆ ನಾನು ಮಾತು ಕೊಟ್ಟಿದ್ದೆ, ಮಿಸೆಸ್ ಕೆ. ನಿಮ್ಮ ಮಗನನ್ನ ನಾನು ನೋಡಿಕೊಳ್ತೀನಿ ಅಂತ. ಮಂಡಿ ಹೋಯ್ತು, ಬಸ್ಸು ಹತ್ತಿಸಿ ಬಂದೆ. ಆಮೇಲೆ ಒಂದು ಸಲಾನೂ ಕೇಳಲಿಲ್ಲ.” ನನ್ನ ಮೇಜಿನ ಮೇಲಿದ್ದ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆ ತಾಯಿಯ ಧ್ವನಿ ಎಷ್ಟು ಜೋರಾಗಿತ್ತೆಂದರೆ ಡೇಲ್ ರಿಸೀವರನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು, ನನಗೂ ಸ್ಪಷ್ಟವಾಗಿ ಕೇಳಿಸಿತು. “ನಮ್ಮ ನಂಬರು ಹುಡುಕೋಕೆ ಇಷ್ಟು ವರ್ಷ ಬೇಕಾಯ್ತಾ ಕೋಚ್? ಪೈ ತಿನ್ನೋಕೆ ಬಂದಾಗ ಮನೆ ಬೇಗನೇ ಸಿಕ್ಕಿತ್ತಲ್ಲ!” ಡೇಲ್ ಹೌದು ಮೇಡಂ, ಹೌದು ಮೇಡಂ ಎನ್ನುತ್ತ ಕೂತರು. ಬೈಗುಳ ಮುಗಿದ ಮೇಲೆ ಆಕೆ ಹೇಳಿದ್ದು, ಮಗ ಓಕ್ಲ್ಯಾಂಡಿನ ಬಂದರಿನಲ್ಲಿ ಕಂಟೇನರು ಎತ್ತುವ ಯಂತ್ರ ನಡೆಸುತ್ತಾನೆ, ನಮ್ಮ ಕಾಲೇಜಿನಿಂದ ಇಳಿದರೆ ಕಾಣುವಷ್ಟು ಹತ್ತಿರ. ಮೂರು ದಿನ ಹೀಗೇ ನಡೆಯಿತು. ಒಬ್ಬ ಬೇರೆ ಊರಿನ ಕಾಲೇಜಿನಲ್ಲಿ ಓದು ಮುಗಿಸಿ ಮೇಷ್ಟರಾಗಿದ್ದ. ಇನ್ನೊಬ್ಬ ಹೆಸರು ಕೇಳಿದೊಡನೆ ಫೋನ್ ಇಟ್ಟುಬಿಟ್ಟ. ಎರಡು ನಂಬರುಗಳು ಯಾರನ್ನೂ ಮುಟ್ಟಲಿಲ್ಲ, ಉಳಿದಿಬ್ಬರ ಸುದ್ದಿಯನ್ನು ನನ್ನೆದುರು ಹೇಳುವ ಮನಸ್ಸಿಲ್ಲದೆ ಡೇಲ್ ವರದಿಗೆ ಬೇಕಾದಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟರು. ವರದಿಯನ್ನು ಮತ್ತೆ ಟೈಪು ಮಾಡಿದೆ, ಈ ಸಲ ಇಪ್ಪತ್ತೆರಡು ಹೆಸರು; ಗೊತ್ತಿಲ್ಲದವರ ಮುಂದೆ ಗೊತ್ತಿಲ್ಲ ಎಂದೇ ಇತ್ತು. ಏಳು ಕಾರ್ಡುಗಳೂ ಮತ್ತೆ ನನ್ನ ಡಬ್ಬಿಗೆ ಮರಳಿದವು.

ಡೈರೆಕ್ಟರು ಓದಿ, ಮುಚ್ಚುಮರೆಯಿಲ್ಲದೆ ಹೇಳಿದರಂತೆ: ಹದಿನೈದು ಮಾತ್ರ ಕೊಟ್ಟಿದ್ದರೆ ಮೂರು ವರ್ಷಕ್ಕೆ ಸಹಿ ಹಾಕುತ್ತಿದ್ದೆ, ಇಪ್ಪತ್ತೆರಡು ಕೊಟ್ಟಿದ್ದೀರಿ, ಒಂದು ವರ್ಷ. ಡೇಲ್ ಆ ಒಂದು ವರ್ಷವನ್ನು ಒಪ್ಪಿಕೊಂಡರು. ಮುಂದಿನ ಚಳಿಗಾಲದಲ್ಲಿ ಮನೆಮನೆಗೆ ಹೋದಾಗ, ಪೈ ಮುಟ್ಟುವ ಮೊದಲೇ, ನಾನು ತಂದ ಹುಡುಗರಲ್ಲಿ ಇಷ್ಟು ಜನ ಬಿಟ್ಟುಹೋಗಿದ್ದಾರೆ, ಕಾರಣ ಇಂಥದ್ದು ಎಂದು ಹೇಳತೊಡಗಿದರು. ನೋಡಲು ಬಂದವರೇ ತಮ್ಮ ಕುಂದನ್ನೆಲ್ಲ ಎತ್ತಿ ಹೇಳಿದರೆ ಯಾವ ಸಂಬಂಧ ಕೂಡೀತು? ಎಷ್ಟೋ ತಾಯಂದಿರು ಬೇಡವೆಂದರು. ಫೆಬ್ರವರಿಯಲ್ಲಿ ಸಹಿ ಹಾಕಿದವರು ಹದಿನೆಂಟೇ ಹುಡುಗರು. ಪತ್ರಿಕೆಗಳಲ್ಲಿ ಮತ್ತೆ ಕೊನೆಯ ಸ್ಥಾನ. ಜೂನಿನಲ್ಲಿ ಡೇಲ್ ಅವರ ಒಪ್ಪಂದ ಮುಂದುವರಿಯಲಿಲ್ಲ.

ಬೀಳ್ಕೊಡುಗೆಯ ದಿನ ಪಾರ್ಕಿಂಗ್ ಲಾಟಿನಲ್ಲಿ ಅವರ ಹೆಂಡತಿ ಸಿಕ್ಕರು. ಪ್ರತಿ ಕ್ರಿಸ್‌ಮಸ್ಸಿಗೂ ನನ್ನ ಚಕ್ಕುಲಿಗಾಗಿ ಕಾಯುತ್ತಿದ್ದ ಹೆಂಗಸು. “ನಿಮ್ಮ ಕಾರ್ಡುಗಳು ಅಡುಗೆಮನೆಯಲ್ಲೇ ಇದ್ದಿದ್ದರೆ ನಾವೂ ಈ ಊರಲ್ಲೇ ಇರ್ತಿದ್ದೆವು,” ಎಂದರು. ಸಿಟ್ಟಿನಿಂದಲ್ಲ, ಬಸ್ಸಿನ ವೇಳೆ ಹೇಳುವಂತೆ. ಆಕೆ ಹೇಳಿದ್ದು ನಿಜ. ಆಡಿದವರನ್ನು ಐದು ವರ್ಷ ಬಿಟ್ಟು ಅಳೆಯಬಹುದಂತೆ, ಅಳತೆಯ ಕೋಲನ್ನು ಕೈಗೆ ಕೊಟ್ಟವರನ್ನು ಎಷ್ಟು ವರ್ಷ ಬಿಟ್ಟು ಅಳೆಯಬೇಕೋ ಯಾರೂ ಹೇಳಿಲ್ಲ.

ಡೇಲ್ ಈಗ ಇಲ್ಲಿಂದ ಮೂರು ಗಂಟೆಯ ದಾರಿಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿದ್ದಾರೆ. ಮೊನ್ನೆ ಅಕ್ಟೋಬರಿನಲ್ಲಿ ಆಫೀಸಿಗೆ ಫೋನ್ ಮಾಡಿದರು. ಆ ಹದಿನೆಂಟರಲ್ಲಿ ಒಬ್ಬ ಹುಡುಗ ಭುಜ ಮುರಿದುಕೊಂಡು ಹಿಂದಿನ ವಾರ ಮನೆಗೆ ಹೋಗಿದ್ದ. “ಅವನ ಅಮ್ಮನ ನಂಬರು ಬದಲಾಗಿದೆ ಮಿಸೆಸ್ ಕೆ, ಹೊಸದು ಇದೆಯಾ?” ಕೆಲಸ ಬಿಟ್ಟವರಿಗೆ ಹುಡುಗರ ಮನೆಯ ನಂಬರು ಕೊಡುವುದು ನಿಯಮಕ್ಕೆ ವಿರುದ್ಧ, ಡೈರೆಕ್ಟರು ಬೇರೆ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ರಿಸೀವರಿನ ಬಾಯಿ ಮುಚ್ಚಿ, ಯಾರು ಏನು ಕೇಳುತ್ತಿದ್ದಾರೆಂದು ಅವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕಿಟಕಿಯಾಚೆಯ ಮೈದಾನದ ಕಡೆ ತಿರುಗಿ, “ಕೊಡಿ,” ಎಂದರು. ಒಂದೊಂದೇ ಅಂಕಿಯಾಗಿ, ನಿಧಾನವಾಗಿ, ತಪ್ಪಿಲ್ಲದ ಹಾಗೆ ಎರಡು ಸಲ ಓದಿದೆ.