ಅಳೆಯದೆ ಬಿಡದ ಪಾಯಿಂಟ್ ಅಕ್ಕ

ಭಾನುವಾರ ಬೆಳಗಿನ ಐದೂವರೆ. ರೈಲು ನಿಲ್ದಾಣದ ಹಿಂಬದಿಯ ಸೈಕಲ್ ಸ್ಟ್ಯಾಂಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ತಗಡಿನ ಸೂರಿನ ಕೆಳಗೆ, ಸಿಮೆಂಟಿನ ನೆಲದ ಮೇಲೆ, ಐವತ್ತೆಂಟು ವರ್ಷದ ಹೆಂಗಸೊಬ್ಬರು ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾರೆ. ಮುಂದೆ ಸಾಲಾಗಿ ಏಳು ಸೀಟಿನ ರಾಡುಗಳು, ಅಂದರೆ ಸೈಕಲ್ಲಿನ ಸೀಟನ್ನು ಹೊತ್ತು ನಿಲ್ಲುವ ಕೊಳವೆಗಳು. ಬಲಗೈಯಲ್ಲಿ ದಪ್ಪ ಅಳೆಯುವ ಉಕ್ಕಿನ ವರ್ನಿಯರ್. ಒಂದೊಂದೇ ರಾಡನ್ನು ಅದರ ಎರಡು ದವಡೆಗಳ ನಡುವೆ ಕೊಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ನೂಕಿ, ಗೀಟುಗಳನ್ನು ಓದಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾರೆ. ಏಳೂ ಮುಗಿದ ಮೇಲೆ ರಾಡುಗಳನ್ನು ಮಗುಚುತ್ತಾರೆ. ಪ್ರತಿಯೊಂದರ ಅಡಿಗೂ ಒಂದು ಬಟ್ಟೆಯ ಪಟ್ಟಿ ಅಂಟಿಸಿದೆ. ಪಟ್ಟಿಯ ಮೇಲೆ ನಿಜವಾದ ಅಳತೆ ಇದೆ. ಇದು ಪರೀಕ್ಷೆ. ಬರೆಯುವವರೂ ಅವರೇ, ತಿದ್ದುವವರೂ ಅವರೇ.

ಆರು ಸರಿ. ಏಳನೆಯದರ ಮುಂದೆ ಇಪ್ಪತ್ತೇಳು ಪಾಯಿಂಟ್ ಎರಡು ಎಂದು ಬರೆದಿದ್ದಾರೆ. ಪಟ್ಟಿ ಹೇಳುವುದು ಬರೀ ಇಪ್ಪತ್ತೇಳು ಮಿಲಿಮೀಟರ್. ಇನ್ನೊಮ್ಮೆ ಅಳೆದಾಗ ಪಾಯಿಂಟ್ ಒಂದು ಬರುತ್ತದೆ. ಮೂರನೇ ಸಲ ಮತ್ತೆ ಪಾಯಿಂಟ್ ಎರಡು.

"ಬಂತಲ್ಲ," ಎನ್ನುತ್ತಾರೆ, ಯಾರನ್ನೂ ನೋಡದೆ.

ಬಂದದ್ದು ಏನೆಂದು ತಿಳಿಯಲು ಈ ಜಾಗದ ಕಥೆ ಸ್ವಲ್ಪ ಗೊತ್ತಿರಬೇಕು. ವಾರದ ಆರು ದಿನ ಇಲ್ಲಿ ನೂರ ಎಂಬತ್ತು ಸೈಕಲ್ಲುಗಳು ನಿಲ್ಲುತ್ತವೆ. ಅವುಗಳಿಗೆ ಚೀಟಿ ಹರಿದು ಕೊಡುವುದು, ಸಾಲು ಸರಿಪಡಿಸುವುದು, ಸಂಜೆ ಬಂದವರಿಗೆ ಅವರವರ ಸೈಕಲ್ಲನ್ನೇ ಕೊಟ್ಟು ಕಳಿಸುವುದು ಇವರ ಸಂಬಳದ ಕೆಲಸ. ಭಾನುವಾರ ಸ್ಟ್ಯಾಂಡು ಬಿಕೋ ಎನ್ನುತ್ತದೆ. ಆಗ ಬರುವವರೇ ಬೇರೆ. ಅಂಚೆಯವರು, ನರ್ಸುಗಳು, ನಿವೃತ್ತ ಗುಮಾಸ್ತರು, ದುಡ್ಡಿದ್ದವರು, ಇಲ್ಲದವರು, ಒಟ್ಟಿನಲ್ಲಿ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡ ಅರವತ್ತು ಎಪ್ಪತ್ತು ಮಂದಿ ಚೀಲಗಟ್ಟಲೆ ಬಿಡಿಭಾಗ ಹೊತ್ತು ತರುತ್ತಾರೆ. ಪೆಡಲು ಕೊಟ್ಟು ಬ್ರೇಕು, ಕ್ಯಾರಿಯರ್ ಕೊಟ್ಟು ಸೀಟು. ಇಲ್ಲಿ ದುಡ್ಡು ಕೈ ಬದಲಾಗುವಂತಿಲ್ಲ, ಸಾಮಾನು ಮಾತ್ರ.

ನಡುವೆ ಒಂದು ನೀಲಿ ತಾಡಪಾಲು ಹಾಸಿರುತ್ತದೆ. ಕೊಡುವವರು ಆ ಕಡೆ, ತೆಗೆದುಕೊಳ್ಳುವವರು ಈ ಕಡೆ. ಯಾವ ವಸ್ತುವೂ ಇವರ ವರ್ನಿಯರಿಗೆ ಸಿಗದೆ ತಾಡಪಾಲು ದಾಟುವಂತಿಲ್ಲ. ಅಳೆದು, ಅಂಕಿ ಬರೆದ ಬಟ್ಟೆಪಟ್ಟಿ ಕಟ್ಟಿದ ಮೇಲೆಯೇ ಅದು ಕೈ ಬದಲಾಯಿಸುತ್ತದೆ. ಎಷ್ಟೇ ಅವಸರದವರು ಬಂದರೂ "ಪಾಯಿಂಟ್ ಎಷ್ಟು ನೋಡೋಣ ಇರಿ" ಎಂದು ಕೂರಿಸುವುದರಿಂದ ಇವರಿಗೆ ಪಾಯಿಂಟ್ ಅಕ್ಕ ಎಂಬ ಹೆಸರು ಬಿದ್ದಿದೆ. ಎಪ್ಪತ್ತರ ಗುಮಾಸ್ತರಿಗೂ ಅವರು ಅಕ್ಕನೇ.

ಸಲಹೆಯನ್ನೂ ಇವರೇ ಕೊಡಬೇಕು. ಅದಕ್ಕೆ ಅಳತೆ ಇಲ್ಲ, ಮುಲಾಜೂ ಇಲ್ಲ. ಹೆಡ್‌ಲೈಟಿನಂಥ ದೀಪ ಕಟ್ಟಿಸಿಕೊಂಡು ಬೀಗುತ್ತಾ ಬಂದವರೊಬ್ಬರಿಗೆ, "ಎದುರು ಬರೋರ ಕಣ್ಣು ಕುಕ್ಕಿದ್ರೆ ಅವರು ಬಂದು ನಿಮಗೇ ಗುದ್ದೋದು. ಹತ್ತು ಹೆಜ್ಜೆ ಮುಂದಕ್ಕೆ, ನೆಲಕ್ಕೆ ತಿರುಗಿಸಿ" ಎನ್ನುತ್ತಾರೆ. ಗಂಟೆ ಯಾವುದು ಒಳ್ಳೆಯದು ಎಂದು ಕೇಳಿದರೆ, "ಮುಂದೆ ಹೋಗ್ತಿರೋರು ಬೆಚ್ಚಬಾರದು, ತಿರುಗಿ ನೋಡಬೇಕು. ಅಷ್ಟು ಸದ್ದು ಸಾಕು." ಕೈಯಷ್ಟು ದಪ್ಪದ ಸರಪಳಿ ಬೀಗ ತಂದವರಿಗೆ ಸಿಕ್ಕಿದ ಉತ್ತರ ಇನ್ನೂ ಚಿಕ್ಕದು: "ಸೈಕಲ್ ಮನೇಲಿಟ್ಟು ಬೀಗ ತುಳ್ಕೊಂಡು ಬನ್ನಿ."

ವರ್ನಿಯರ್ ಬಂದದ್ದು ಬೋಲ್ಟು ತಯಾರಿಸುವ ಕಾರ್ಖಾನೆಯಿಂದ. ಅಲ್ಲಿನ ತಪಾಸಣೆ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಕೂತು, ದಿನಕ್ಕೆ ಸಾವಿರದಷ್ಟು ಬೋಲ್ಟುಗಳನ್ನು ಇವರು ಪಾಸು ಮಾಡುತ್ತಿದ್ದರು, ಇಲ್ಲವೇ ಎತ್ತಿ ಬಿಸಾಡುತ್ತಿದ್ದರು. ಕಾರ್ಖಾನೆ ಮುಚ್ಚಿತು. "ಕೊನೇ ದಿನ ಎಲ್ಲರಿಗೂ ಗೋಡೆ ಗಡಿಯಾರ ಕೊಟ್ರು. ನಾನು ಬೇಡ ಅಂದು ಇದನ್ನ ಇಸ್ಕೊಂಡೆ. ಗಡಿಯಾರ ನಮ್ಮನೇಲಿ ಇತ್ತಲ್ಲ." ಸ್ಟ್ಯಾಂಡಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಬ್ಬರು ಸವಾರರು ಒಂದು ಸೀಟಿನ ರಾಡು ಕೂರುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಕಿತ್ತಾಡಿದರು. ಇವರು ಮೇಜಿನ ಖಾನೆಯಿಂದ ವರ್ನಿಯರ್ ತೆಗೆದು ಒಂದೇ ನಿಮಿಷದಲ್ಲಿ ಜಗಳ ಮುಗಿಸಿದರು. ಮುಂದಿನ ಭಾನುವಾರ ಆರು ಮಂದಿ ಬಂದರು. ಅದಾಗಿ ಹದಿನಾಲ್ಕು ವರ್ಷ.

ಮೊದಲ ಮೂರು ವರ್ಷ ಈ ಕಟ್ಟುನಿಟ್ಟು ಇರಲಿಲ್ಲ. ಕಣ್ಣಳತೆಯ ಮೇಲೆ ಇವರಿಗೇ ವಿಪರೀತ ನಂಬಿಕೆ. ಒಂದು ಭಾನುವಾರ ಜನ ಮುತ್ತಿಕೊಂಡಿದ್ದಾಗ, ಚಿತ್ರಕಲೆ ಕಲಿಸುವ ಮೇಷ್ಟ್ರೊಬ್ಬರು ಒಂದು ಹ್ಯಾಂಡಲ್ ಎತ್ತಿ ತೋರಿಸಿ, ತಮ್ಮ ಸೈಕಲ್ಲಿಗೆ ಕೂರುತ್ತದೆಯೇ ಎಂದು ಕೇಳಿದರು. ಇವರು ದೂರದಿಂದಲೇ ನೋಡಿ, "ಆಗುತ್ತೆ, ತಗೊಂಡು ಹೋಗಿ" ಎಂದರು. ಹ್ಯಾಂಡಲ್ಲಿನ ಕೊಳವೆ ಇಪ್ಪತ್ತೈದು ಪಾಯಿಂಟ್ ನಾಲ್ಕು. ಅದನ್ನು ಕಚ್ಚಿ ಹಿಡಿಯುವ ಸ್ಟೆಮ್ಮಿನ ಬಾಯಿ ಇಪ್ಪತ್ತಾರು. ಬೋಲ್ಟು ಎಷ್ಟು ಬಿಗಿ ಮಾಡಿದರೂ ಹಿಡಿತ ಸಾಲದು, ಆದರೆ ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುವುದೂ ಇಲ್ಲ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಹ್ಯಾಂಡಲ್ ಗಿರ್ರನೆ ತಿರುಗಿತು. ಮೇಷ್ಟ್ರ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು.

"ಆಸ್ಪತ್ರೆಗೆ ಹೋದೆ. ಎಷ್ಟು ವ್ಯತ್ಯಾಸ ಇತ್ತು ಅಂತ ಮೇಷ್ಟ್ರು ಕೇಳಿದ್ರು. ಪಾಯಿಂಟ್ ಆರು ಅಂದೆ. ಅಷ್ಟಕ್ಕೇನಾ ಅಂತ ನಕ್ಕುಬಿಟ್ರು. ಬೈದಿದ್ರೆ ಚೆನ್ನಾಗಿತ್ತು," ಎಂದು ಅಕ್ಕ ಹೇಳುತ್ತಾರೆ. ಆ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ. ಮೇಷ್ಟ್ರು ಎಡಗೈಯಲ್ಲಿ ಬರೆಯುವುದನ್ನು, ಚಿತ್ರ ಬಿಡಿಸುವುದನ್ನು ಕಲಿತರು. ಭಾನುವಾರ ಬರುವುದನ್ನು ಮಾತ್ರ ಬಿಡಲಿಲ್ಲ.

ತಾಡಪಾಲಿನ ಕಟ್ಟಳೆ ಆಮೇಲಿನದು. ಪಟ್ಟಿಗೆ ಬೇಕಾದ ಚಿಂದಿಬಟ್ಟೆ ಒದಗಿಸುವವರು ದರ್ಜಿಯಾಗಿರುವ ಗಂಡ. "ನಾನು ಅರ್ಧ ಇಂಚು ಒಳಗೆ ಬಿಟ್ಟು ಹೊಲಿಯೋನು. ಇವಳು ಕೂದಲೆಳೆಯಷ್ಟೂ ಬಿಡೋಳಲ್ಲ. ಹೇಗೋ ಮೂವತ್ನಾಲ್ಕು ವರ್ಷ ಸಂಸಾರ ಕೂತ್ಕೊಂಡಿದೆ," ಎಂದು ಅವರು ನಗುತ್ತಾರೆ. ತೊಂದರೆಯನ್ನು ಮೊದಲು ಕಂಡುಕೊಂಡವರೂ ಅವರೇ. ಕಳೆದ ವರ್ಷ ಪಟ್ಟಿಗಳ ಅಂಚು ಹೊಲಿಯುತ್ತಿದ್ದ ಹೆಂಡತಿಯ ಹೆಬ್ಬೆರಳಿಗೆ ಸೂಜಿ ಚುಚ್ಚಿ, ಬಿಳಿಬಟ್ಟೆಯ ಮೇಲೆ ರಕ್ತದ ಕಲೆಯಾಗಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ.

ಎಂಟು ವರ್ಷದ ಸಕ್ಕರೆ ಕಾಯಿಲೆ ಬೆರಳ ತುದಿಗಳನ್ನು ಮರಗಟ್ಟಿಸುತ್ತಿದೆ. ಹೋದ ಸ್ಪರ್ಶ ವಾಪಸು ಬರುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಕಣ್ಣು ಇನ್ನೂ ಚುರುಕಾಗಿದೆ. ಆದರೆ ದವಡೆ ಕೊಳವೆಯ ಮೇಲೆ ನೆಟ್ಟಗೆ ಕೂತಿದೆಯೋ ಓರೆಯಾಗಿದೆಯೋ ಎಂದು ಹೇಳಬೇಕಾದದ್ದು ಹೆಬ್ಬೆರಳು. ಓರೆಯಾದರೆ ಪಾಯಿಂಟ್ ಒಂದೋ ಎರಡೋ ಜಾಸ್ತಿ ತೋರಿಸುತ್ತದೆ. ಮಗಳು ಅಂಕಿ ತಾನೇ ತೋರಿಸುವ ಬ್ಯಾಟರಿಯ ಸಾಧನ ತಂದುಕೊಟ್ಟಳು. "ನಾನು ಓರೆ ಹಿಡಿದ್ರೆ ಅದೂ ಓರೆ ಲೆಕ್ಕಾನೇ ಹೇಳುತ್ತೆ. ಏನು, ದೊಡ್ಡ ಅಕ್ಷರದಲ್ಲಿ ಹೇಳುತ್ತೆ, ಅಷ್ಟೇ."

ಅಂದಿನಿಂದ ಪ್ರತಿ ಭಾನುವಾರ ಯಾರೂ ಬರುವ ಮೊದಲು ಏಳು ರಾಡುಗಳ ಪರೀಕ್ಷೆ. ಒಂದು ತಪ್ಪಾದರೂ ವರ್ನಿಯರ್ ಖಾನೆ ಸೇರಬೇಕು ಎಂಬುದು ಅವರು ತಮಗೇ ಹಾಕಿಕೊಂಡ ಷರತ್ತು. ಐವತ್ಮೂರು ಭಾನುವಾರ ಪಾಸಾಗಿದ್ದರು. ಇವತ್ತು ಆಗಲಿಲ್ಲ.

ಆರು ಗಂಟೆಗೆ ಗೇಟು ತೆರೆಯುತ್ತದೆ. ಮೊದಲು ಬಂದವರ ಪೈಕಿ ಒಬ್ಬ ಅಂಚೆಯವರು ತಾಡಪಾಲಿನ ಮೇಲೆ ಹಳೇ ಕ್ಯಾರಿಯರ್ ಇಟ್ಟು, ಆ ಕಡೆಯವರ ಹ್ಯಾಂಡಲ್ ತೋರಿಸುತ್ತಾರೆ. ಅಕ್ಕ ಕೈ ಕಟ್ಟಿಕೊಂಡು ನಿಂತಿದ್ದಾರೆ.

"ಇವತ್ತು ನಾನು ಅಳೆಯಲ್ಲ. ಅಳತೆ ಇಲ್ಲ ಅಂದ್ರೆ ಅದಲುಬದಲೂ ಇಲ್ಲ."

ತಮಾಷೆ ಎಂದುಕೊಂಡು ನಾಲ್ಕು ಜನ ನಗುತ್ತಾರೆ. "ಅಂದಾಜಲ್ಲಿ ಹೇಳ್ಬಿಡಿ ಅಕ್ಕ," ಎನ್ನುತ್ತಾರೆ ಅಂಚೆಯವರು. "ನಿಮ್ಮ ಅಂದಾಜೇ ನಮಗೆ ಸಾಕು."

"ಅಂದಾಜಲ್ಲೇ ಒಬ್ಬರ ಕೈ ಮುರಿದಿದೀನಿ," ಎನ್ನುತ್ತಾರೆ ಅಕ್ಕ.

ಮೂಲೆಯಲ್ಲಿ ಗಾಳಿ ಹೊಡೆಯುತ್ತಿದ್ದ ಮೇಷ್ಟ್ರು ಪಂಪು ಬಿಟ್ಟು ಬರುತ್ತಾರೆ. ನೆಲದ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು, ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ.

"ಪಾಯಿಂಟ್ ಎರಡು ತಾನೇ? ನಂದು ಪಾಯಿಂಟ್ ಆರಿತ್ತು."

"ಅಷ್ಟಕ್ಕೇನಾ ಅಂತ ಮಾತ್ರ ಅನ್ಬೇಡಿ ಮೇಷ್ಟ್ರೇ."

"ಅನ್ನಲ್ಲ. ಕೊಡಿ ಇಲ್ಲಿ, ನಾನು ಹಿಡಿತೀನಿ. ನೀವು ಓದಿ."

"ನಿಮಗೆ ಹಿಡಿಯಕ್ಕೆ ಬರಲ್ಲ."

"ಕಲಿಸಿ."

ಅಕ್ಕ ಖಾನೆಯಿಂದ ವರ್ನಿಯರ್ ತೆಗೆದು ತುಸು ಹೊತ್ತು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ಕೊಡಲು ಅವರಿಗೆ ಮನಸ್ಸಿಲ್ಲ, ಅದು ಯಾರಿಗೂ ಕಾಣುವಂತಿದೆ. ಆಮೇಲೆ ಏಳೂ ರಾಡುಗಳನ್ನು ಕಲಸಿ ಮೇಷ್ಟ್ರ ಮುಂದೆ ಸಾಲಾಗಿ ಇಡುತ್ತಾರೆ. ಪರೀಕ್ಷೆಯಿಂದ ಮೇಷ್ಟ್ರಿಗೂ ವಿನಾಯಿತಿ ಇಲ್ಲ.

ಮೊದಲ ಸುತ್ತಿನಲ್ಲಿ ಮೂರು ತಪ್ಪು. "ಹಿಂಡಬೇಡಿ. ಮಗೂ ಕಿವಿ ಹಿಡಿದ ಹಾಗೆ ಹಿಡೀರಿ."

"ಮೇಷ್ಟ್ರಿಗೆ ಕಿವಿ ಹಿಂಡೋದು ಗೊತ್ತು ಅಕ್ಕ, ಹಿಡಿಯೋದು ಗೊತ್ತಿಲ್ಲ," ಎಂದು ಸಾಲಿನಿಂದ ಯಾರೋ ಕೂಗುತ್ತಾರೆ.

ಎರಡನೇ ಸುತ್ತಿನಲ್ಲಿ ಒಂದು ತಪ್ಪು. ಗೇಟಿನಿಂದ ಮೇಜಿನವರೆಗೆ ಜನ ಚೀಲ ಹಿಡಿದು ನಿಂತಿದ್ದಾರೆ, ಒಬ್ಬರೂ ಗೊಣಗುವುದಿಲ್ಲ. ಮೂರನೇ ಸುತ್ತಿನಲ್ಲಿ ಏಳೂ ಸರಿ. ಅಕ್ಕ ನಂಬದೆ ನಾಲ್ಕನೇ ಸುತ್ತು ಮಾಡಿಸುತ್ತಾರೆ. ಮತ್ತೆ ಏಳೂ ಸರಿ. ಈ ಎರಡು ಸುತ್ತಿನಲ್ಲಿ ದವಡೆ ಒಂದು ಸಲವೂ ಓರೆಯಾಗಿಲ್ಲ. ಹೇಗೆ ಎಂಬಂತೆ ಅವರು ಮುಖ ನೋಡಿದಾಗ ಮೇಷ್ಟ್ರು ಬಲ ಮಣಿಕಟ್ಟನ್ನು ಎತ್ತಿ ತೋರಿಸುತ್ತಾರೆ.

"ನೀವೇ ಮಾಡಿಟ್ಟ ಕೈ ಇದು. ಆ ಕಡೆ ಈ ಕಡೆ ಅಲ್ಲಾಡಲ್ಲ."

ಸುತ್ತಲಿನವರು ನಗುತ್ತಾರೆ. ಅಕ್ಕ ನಗುವುದಿಲ್ಲ. ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು, ಅಂಚೆಯವರು ಕೇಳಿದ್ದ ಹ್ಯಾಂಡಲ್ಲನ್ನು ತಾವೇ ಎತ್ತಿ ಕೊಡುತ್ತಾರೆ. ಮೇಷ್ಟ್ರು ಹಿಡಿಯುತ್ತಾರೆ, ಅಕ್ಕ ಬಗ್ಗಿ ಓದುತ್ತಾರೆ. ಇಪ್ಪತ್ತೈದು ಪಾಯಿಂಟ್ ನಾಲ್ಕು. ಅಂಚೆಯವರ ಸ್ಟೆಮ್ಮು ಇಪ್ಪತ್ತಾರರದು.

"ಆಗಲ್ಲ. ಮುಂದಿನ ವಾರ ಬನ್ನಿ, ಬೇರೆ ನೋಡೋಣ."

ಅಂಚೆಯವರು ಕ್ಯಾರಿಯರ್ ಎತ್ತಿಕೊಂಡು, ಹಳೇ ಹ್ಯಾಂಡಲ್ಲಿನ ಸೈಕಲ್ಲನ್ನೇ ತುಳಿದುಕೊಂಡು ಹೋಗುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಮೂವತ್ತೆಂಟು ಸಾಮಾನುಗಳ ಅಳತೆ ಮುಗಿದಿದೆ. ಪಟ್ಟಿಗಳನ್ನೆಲ್ಲ ಬರೆದದ್ದು ಅಕ್ಕನೇ. ಮೇಷ್ಟ್ರ ಎಡಗೈ ಅಕ್ಷರ ಯಾರಿಗೂ ಓದಲಾಗದು ಎಂಬುದು ಅವರ ತಕರಾರು.

ವರ್ನಿಯರ್ ಬಿಟ್ಟುಕೊಟ್ಟದ್ದಕ್ಕೆ ಬೇಸರವಾಯಿತೇ ಎಂದು ಕೇಳಿದರೆ ಮುಚ್ಚಿಡುವುದಿಲ್ಲ. "ಆಯ್ತು. ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ." ತಾಡಪಾಲನ್ನು ಮಡಚಿ ಎದೆಗವಚಿಕೊಂಡು, ಗೇಟಿನಾಚೆ ಮಣಿಕಟ್ಟು ತಿರುಗಿಸದೆ ಸೈಕಲ್ ಏರುತ್ತಿರುವ ಮೇಷ್ಟ್ರನ್ನು ನೋಡುತ್ತಾರೆ. "ಅವರು ಬಿದ್ದು ಹನ್ನೊಂದು ವರ್ಷ ಆಯ್ತು. ಆಮೇಲೆ ಇಲ್ಲಿಂದ ಏನು ತಗೊಂಡು ಹೋದವರೂ ಬಿದ್ದಿಲ್ಲ. ಇವತ್ತೂ ಯಾರೂ ಬೀಳಲ್ಲ."