ಕೊಳವೆಯ ಬಾಯಿಗೆ ಗಂಧ

ನಮ್ಮಪ್ಪನಿಗೆ ಪ್ರಶ್ನೆ ಕೇಳುವ ಚಟ. ದಾದರಿನಲ್ಲಿ ನಮ್ಮದು ಉಡುಪಿ ಹೋಟೆಲು. ಬೇರೆಯವರ ಹೋಟೆಲಿಗೆ ಹೋದರೂ ಸಾಂಬಾರಿಗೆ ಏನೇನು ಹಾಕಿದಿರೆಂದು ಭಟ್ಟರನ್ನು ವಿಚಾರಿಸದೆ ಎದ್ದು ಬಂದವರಲ್ಲ. ಆ ಚಟ ನನಗೂ ಅಂಟಿತ್ತು. ಅದೇ ನನ್ನನ್ನು ಜುಹೂವಿನಲ್ಲಿ ವಿಮಾನ ಹಾರಿಸಲು ಕಲಿಸುವ ಬಯಲಿಗೆ, ಎರಡು ಸೀಟಿನ ವಿಮಾನದ ಹತ್ತಿರಕ್ಕೆ ಎಳೆದೊಯ್ದಿತು. ಐವತ್ತರ ದಶಕದ ಮಾತು. ವಿಮಾನದ ಹುಚ್ಚು ಅಪ್ಪನಿಗೆ ಸುತರಾಂ ಹಿಡಿಸಿರಲಿಲ್ಲ. ಕಡೆಗೊಂದು ತೀರ್ಮಾನಕ್ಕೆ ಬಂದರು: ನಾನು ಒಬ್ಬನೇ ಹಾರುವ ಮೊದಲ ದಿನ ಕಣ್ಣಾರೆ ನೋಡುವುದು, ಮನಸ್ಸಿಗೆ ಬಂದರೆ ಸರಿ, ಇಲ್ಲವಾದರೆ ಮರುದಿನದಿಂದ ನಾನು ಹೋಟೆಲಿನ ಗಲ್ಲಾದಲ್ಲಿ ಕೂರುವುದು. ದಿನವನ್ನೂ ಅವರೇ ಗೊತ್ತುಮಾಡಿದರು, ವಿಜಯದಶಮಿ.

ಹಿಂದಿನ ದಿನ ಆಯುಧಪೂಜೆ. ರುಬ್ಬುವ ಕಲ್ಲು, ದೋಸೆಯ ಕಾವಲಿ ಎಲ್ಲಕ್ಕೂ ಪೂಜೆ ಮುಗಿಸಿ ಅಪ್ಪ ಗಂಧದ ಬಟ್ಟಲು ಹಿಡಿದು ಲೋಕಲ್ ಹತ್ತಿ ಬಂದರು. ವಿಮಾನದ ಒಂದೊಂದು ಭಾಗವನ್ನೂ ಮುಟ್ಟಿ, ಇದು ಎಂತ, ಅದು ಎಂತಕ್ಕೆ ಎಂದು ಕೇಳುತ್ತ ಗಂಧ ಹಚ್ಚುತ್ತ ಹೋದರು. ರೆಕ್ಕೆಯ ಹತ್ತಿರ ಪೆನ್ಸಿಲ್ ಗಾತ್ರದ ಒಂದು ಕೊಳವೆ. ಅದರ ಬಾಯಿಗೆ ಗಾಳಿ ನುಗ್ಗಿದರೆ ಮಾತ್ರ ಒಳಗೆ ವೇಗದ ಮುಳ್ಳು ಏಳುತ್ತದೆ, ವೇಗ ತಿಳಿಯದೆ ಹಾರಿದರೆ ಜೀವಕ್ಕೇ ಸಂಚಕಾರ ಎಂದು ಮಹಾ ಪಂಡಿತನ ಹಾಗೆ ವಿವರಿಸಿ ನಾನು ಇಂಜಿನ್ನಿನ ಕಡೆ ಹೋದೆ. ಹಾಗಾದರೆ ಇದೇ ಮುಖ್ಯ ಎಂದುಕೊಂಡರೋ ಏನೋ, ಅಪ್ಪ ಹೆಬ್ಬೆರಳಿನಿಂದ ಅಲ್ಲಿ ಒತ್ತಿ ಒತ್ತಿ ಹಚ್ಚಿದ್ದರು.

ವಿಜಯದಶಮಿಯ ಬೆಳಿಗ್ಗೆ, ಹಾರುವ ಮೊದಲು ಎಲ್ಲವನ್ನೂ ಸುತ್ತಿ ನೋಡಬೇಕೆಂಬ ನಿಯಮದಂತೆ ನೋಡಿದೆ. ಕೊಳವೆಯ ಬಾಯಿಯ ಸುತ್ತ ಗಂಧ ಒಣಗಿತ್ತು. ಅಪ್ಪ ಹಚ್ಚಿದ ಗಂಧ, ಒರೆಸಲು ಕೈ ಬರಲಿಲ್ಲ. ಹೊರಗಷ್ಟೇ ಇದೆಯೆಂದು ನನಗೆ ನಾನೇ ಹೇಳಿಕೊಂಡು ಹತ್ತಿ ಕೂತೆ.

ವಿಮಾನ ಓಡತೊಡಗಿತು. ಬಾಲ ಎದ್ದಿತು. ಮುಳ್ಳು ಮಾತ್ರ ಸೊನ್ನೆಯಲ್ಲೇ. ಇಷ್ಟು ಗಾಳಿ ಮುಖಕ್ಕೆ ಬಡಿಯುತ್ತಿದೆಯಲ್ಲ, ಮುಳ್ಳಿನ ಪಾಲಿನದು ಎಲ್ಲಿ ಹೋಯಿತು ಎಂದು ನನಗೆ ಹೆದರಿಕೆಗಿಂತ ಮೊದಲು ಕುತೂಹಲವೇ ಆಯಿತು, ನನ್ನ ಬುದ್ಧಿಗಿಷ್ಟು! ಬೇಲಿಯ ಹತ್ತಿರ ಅಪ್ಪ ನಿಂತಿದ್ದರು. ಈಗ ನಿಲ್ಲಿಸಿದರೆ ಮಗ ಪುಕ್ಕಲ ಎಂದುಕೊಳ್ಳುತ್ತಾರೆ, ಇಲ್ಲಿಗೆ ಎಲ್ಲ ಮುಗಿಯಿತು ಎಂದು ಗೊತ್ತಿತ್ತು. ಆದರೂ ಇಂಜಿನ್ ತಗ್ಗಿಸಿ ನಿಲ್ಲಿಸಿಬಿಟ್ಟೆ.

ಅಪ್ಪ ಬರುವಷ್ಟರಲ್ಲಿ ಮರಾಠಿ ಮೆಕ್ಯಾನಿಕ್ ಸಣ್ಣ ತಂತಿಯಿಂದ ಕೊಳವೆಯನ್ನು ಕೆದಕಿ, ಉದುರಿದ್ದನ್ನು ಅಂಗೈಯಲ್ಲಿ ಹಿಡಿದಿದ್ದ. ಕಣಜದ ಹುಳ ಕಟ್ಟಿದ ಮಣ್ಣು ಎಂದು ಸುಳ್ಳು ಹೇಳೋಣವೆಂದುಕೊಂಡೆ. ಅಪ್ಪ ಆಗಲೇ ಮೂಸಿ ನೋಡಿದ್ದರು.

"ನನ್ನ ಕೈಯಿಂದ ಆದದ್ದಾ?"

"ಬೆಳಿಗ್ಗೆ ನಾನು ನೋಡಿದ್ದೆ ಅಪ್ಪ. ಒರೆಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಅವರು ಬೈಯಲಿಲ್ಲ. ಎಷ್ಟು ದೂರ ಓಡಿತ್ತು, ಇನ್ನೆಷ್ಟು ಹೊತ್ತಿಗೆ ನೆಲ ಬಿಡುತ್ತಿತ್ತು ಎಂದು ಕೇಳಿದರು. ಹೇಳಿದೆ. ಕೊಳವೆ ಸರಿಯಾಯಿತು, ಈಗ ಹಾರಬಹುದು ಎಂದರು ನನಗೆ ಹಾರಲು ಕಲಿಸುತ್ತಿದ್ದ ಮುದುಕ ಪಾರ್ಸಿ. ಅಪ್ಪ ಬೇಡವೆಂದು ತಲೆಯಾಡಿಸಿದರು. ಇಬ್ಬರೂ ವಾಪಸು ಲೋಕಲ್ ಹತ್ತಿದೆವು. ನನ್ನ ಕಥೆ ಮುಗಿಯಿತೆಂದೇ ತಿಳಿದಿದ್ದೆ. ದಾದರ್ ಬಂದಾಗ ಏಳುತ್ತ ಹೇಳಿದರು: "ನಾಳೆ ಹೋಗಿ ಹಾರು. ನಿಲ್ಲಿಸ್ಲಿಕ್ಕೆ ನಿನಗೆ ಗೊತ್ತುಂಟು. ನಾನು ಬರುದಿಲ್ಲ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಮರುದಿನ ಹಾರಿದೆ. ಮುಂದೆ ಎಷ್ಟೋ ವರ್ಷ ಹಾರಿದೆ. ಅಪ್ಪ ಒಮ್ಮೆಯೂ ನೋಡಲಿಲ್ಲ. ಬನ್ನಿ ಎಂದು ನಾನೂ ಕರೆಯಲಿಲ್ಲ. ಅವರು ಬಾರದಿದ್ದದ್ದು ನನಗೂ ಸ್ವಲ್ಪ ನಿರಾಳವೇ ಆಗಿತ್ತು.